ಆಟದ ಪಠ್ಯ ಮತ್ತು ಆಟಗಾರರ ಮಾತು

ಕನ್ನಡದಲ್ಲಿ ‘ಆಟ’ ಎಂಬ ಪದದ ವ್ಯಾಪ್ತಿ ದೊಡ್ಡದು. ಬಯಲಾಟ, ದೊಡ್ಡಾಟ, ಸಣ್ಣಾಟ, ಕೋಲಾಟಗಳಲ್ಲಿ ಇರುವ ಪದವೇ ಚೌಕಾಬಾರ, ಅಳಿಗುಳಿಮಣೆಗಳನ್ನು ಕುರಿತು ಹೇಳುವಾಗಲೂ ಬರುತ್ತದೆ. ವೇಷ ಕಟ್ಟಿ ರಂಗಕ್ಕೆ ಬರುವವನೂ ಜಗಲಿಯ ಮೇಲೆ ಕುಳಿತು ಕವಡೆ ಹಾಕುವವನೂ ಆಡುವವರೇ. ಆದರೆ ನಮ್ಮ ಜಾನಪದ ಅಧ್ಯಯನವು ಈ ಒಂದು ಪದವನ್ನು ಎರಡು ಕಪಾಟುಗಳಿಗೆ ಹಂಚಿದೆ: ಒಂದಕ್ಕೆ ಪ್ರದರ್ಶನ ಕಲೆ ಎಂದು ಹೆಸರು, ಇನ್ನೊಂದಕ್ಕೆ ಜನಪದ ಕ್ರೀಡೆ ಎಂದು ಹೆಸರು. ಎರಡರಲ್ಲಿಯೂ ಜಾಗ ದೊರೆಯದೆ ಹೊರಗುಳಿದ ಒಂದು ಸಾಮಗ್ರಿಯಿದೆ. ಅದು ಆಡುವವರು ಆಟವನ್ನು ಕುರಿತು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು. ಎಲ್ಲಿ ಎಡವುತ್ತಾರೆ, ಎಲ್ಲಿ ಉಸಿರು ಉಳಿಸಿಕೊಳ್ಳಬೇಕು, ಯಾವುದಕ್ಕೆ ಹಣ ಹಾಕಬಾರದು, ಯಾರ ಎದುರು ಆಡುವಾಗ ಎಚ್ಚರ ಬೇಕು ಎಂಬ ಅನುಭವ ಮತ್ತು ಸಲಹೆಗಳ ಮಾತು. ಆಟದ ಪಠ್ಯವನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಈ ಮಾತನ್ನು ಸಂಗ್ರಹಿಸದೆ ಹೋದರೆ ಕೈಗೆ ಉಳಿಯುವುದು ಆಟದ ಹೊರಕವಚ ಮಾತ್ರ.

ಈ ಸಾಮಗ್ರಿಯ ಬೆಲೆಯನ್ನು ಇಂದು ಎತ್ತಿ ತೋರಿಸುತ್ತಿರುವುದು, ವಿಚಿತ್ರವೆನಿಸಬಹುದು, ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳು. ಅವುಗಳಲ್ಲಿ ‘ಓಪನ್ ವರ್ಲ್ಡ್’ ಎಂದು ಆಟಗಾರರು ಕರೆಯುವ ಒಂದು ಬಗೆಯಿದೆ. ಇಲ್ಲಿ ಆಡುವವನು ಕಲ್ಪಿತ ಲೋಕವೊಂದರಲ್ಲಿ ಒಂದು ಪಾತ್ರವನ್ನು ಹಾಕುತ್ತಾನೆ. ಆ ಲೋಕದಲ್ಲಿ ಬೆಟ್ಟ, ಕಣಿವೆ, ಊರು, ಹಾಳುಕೋಟೆ, ರಾಕ್ಷಸ, ಮಾಟಗಾರ ಎಲ್ಲವೂ ಉಂಟು. ಕಥೆ ಒಂದಿದ್ದರೂ ಅದನ್ನು ಇಂಥ ಕ್ರಮದಲ್ಲಿಯೇ ಹಿಡಿಯಬೇಕೆಂಬ ಕಟ್ಟಳೆ ಸಡಿಲ. ಅಮೆರಿಕದಲ್ಲಿ ತಯಾರಾಗಿ ೨೦೧೧ರಲ್ಲಿ ಹೊರಬಂದ ‘ಸ್ಕೈರಿಮ್’, ಚೀನಾದ ಸಂಸ್ಥೆಯೊಂದು ೨೦೨೦ರಲ್ಲಿ ತಂದ ‘ಗೆನ್‌ಶಿನ್ ಇಂಪ್ಯಾಕ್ಟ್’, ಜಪಾನಿನಲ್ಲಿ ರೂಪುಗೊಂಡು ೨೦೨೨ರಲ್ಲಿ ಬಿಡುಗಡೆಯಾದ ‘ಎಲ್ಡನ್ ರಿಂಗ್’ ಈ ಬಗೆಯ ಪ್ರಸಿದ್ಧ ಆಟಗಳು. ಇವುಗಳ ಮೂಲ ಯಂತ್ರದಲ್ಲಿಲ್ಲ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಯ ಸಂಗತಿ. ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಮೇಜಿನ ಸುತ್ತ ಕುಳಿತು ಬಾಯಿಮಾತಿನಲ್ಲಿ ಆಡುತ್ತಿದ್ದರು, ಇಂದಿಗೂ ಆಡುತ್ತಾರೆ. ಒಬ್ಬ ಸೂತ್ರಧಾರ ಸನ್ನಿವೇಶವನ್ನು ಕಟ್ಟಿ ಹೇಳುತ್ತಾನೆ. ಉಳಿದವರು ತಮ್ಮ ಪಾತ್ರದ ಪರವಾಗಿ ಉತ್ತರಿಸುತ್ತಾರೆ. ದಾಳ ಅದೃಷ್ಟವನ್ನು ನಿರ್ಣಯಿಸುತ್ತದೆ. ಅಂದರೆ ಇಂದಿನ ಈ ಆಟಗಳ ಪೂರ್ವಿಕರಲ್ಲಿ ಒಬ್ಬ ಭಾಗವತನಿದ್ದಾನೆ.

ಯಂತ್ರಕ್ಕೆ ಇಳಿದ ಮೇಲೆ ಭಾಗವತನ ಸ್ಥಾನ ಖಾಲಿಯಾಯಿತು. ಆ ಸ್ಥಾನವನ್ನು ತುಂಬಿದ್ದು ಆಟಗಾರರ ಪರಸ್ಪರ ಮಾತು. ಸ್ಕೈರಿಮ್ ಆಡಿದವರು ಹೊಸಬರಿಗೆ ಹೇಳುವ ಒಂದು ಉಪಾಯ ಬಹಳ ಪ್ರಸಿದ್ಧ. ಅಂಗಡಿಯಲ್ಲಿ ಕದಿಯಬೇಕೆಂದಿದ್ದರೆ ಮೊದಲು ಅಂಗಡಿಯವನ ತಲೆಯ ಮೇಲೆ ಒಂದು ಬಕೆಟ್ಟನ್ನು ಕವುಚಬೇಕು. ಆತನ ಕಣ್ಣಿಗೆ ಮರೆಯಾದರೆ ಕಳವು ಕಳವೆಂದು ಲೆಕ್ಕಕ್ಕೆ ಬರುವುದಿಲ್ಲ. ಕಥೆಯೊಳಗೆ ಇಂತಹ ಸಲಹೆಗೆ ಎಡೆಯಿಲ್ಲ, ಆಟವನ್ನು ಕಟ್ಟಿದವರು ಇದನ್ನು ಹೇಳಿಕೊಡುವುದೂ ಇಲ್ಲ. ಲೋಕದ ನಿಯಮಗಳಲ್ಲಿ ಇರುವ ಸಂದನ್ನು ಕಂಡುಕೊಂಡವನು ಇನ್ನೊಬ್ಬನಿಗೆ ದಾಟಿಸಿದ ಜ್ಞಾನ ಇದು. ತೆನಾಲಿ ರಾಮಕೃಷ್ಣನ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರ ಜಾತಿ ಯಾವುದೆಂದು ವಿವರಿಸಬೇಕಾಗಿಲ್ಲ.

ಎಲ್ಡನ್ ರಿಂಗ್‌ನಲ್ಲಿ ಈ ಸಲಹೆ ಆಟದ ನೆಲದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಒಬ್ಬ ಆಟಗಾರ ನೆಲದ ಮೇಲೆ ಸಂದೇಶವೊಂದನ್ನು ಬರೆದಿಟ್ಟರೆ ಅದು ಎಲ್ಲೋ ಆಡುತ್ತಿರುವ ಅಪರಿಚಿತರಿಗೆ ಕಾಣುತ್ತದೆ. ಆದರೆ ಮನಬಂದಂತೆ ಬರೆಯುವ ಹಾಗಿಲ್ಲ. ಸಿದ್ಧ ವಾಕ್ಯದ ಅಚ್ಚುಗಳೂ ಸಿದ್ಧ ಪದಗಳೂ ಇರುತ್ತವೆ, ಅವುಗಳನ್ನು ಜೋಡಿಸಬೇಕು. ಮುಂದೆ ಇಂಥದ್ದಿದೆ, ಇಂಥದ್ದಕ್ಕೆ ಎಚ್ಚರ, ಇದನ್ನು ಪ್ರಯತ್ನಿಸು ಎಂಬಂತಹ ಅಚ್ಚುಗಳಲ್ಲಿಯೇ ಆಟಗಾರರು ಎಚ್ಚರಿಕೆ, ಹಾಸ್ಯ, ವಿಷಾದಗಳನ್ನು ಹೇಳಿದ್ದಾರೆ. ಗೋಡೆಯಲ್ಲಿ ಗುಪ್ತದಾರಿ ಇದೆ ಎಂದು ಸುಳ್ಳು ಬರೆದು ಸಾವಿರಾರು ಮಂದಿ ಬರಿಗೋಡೆಗೆ ಕತ್ತಿ ಬೀಸುವಂತೆ ಮಾಡಿದ್ದೂ ಉಂಟು. ಸಂದೇಶವನ್ನು ಓದಿದವರು ಅದಕ್ಕೆ ಬೆಲೆ ಕಟ್ಟಿದರೆ ಬರೆದವನ ಪಾತ್ರಕ್ಕೆ ಪ್ರಾಣಬಲ ತುಂಬುತ್ತದೆ. ಆಲ್ಬರ್ಟ್ ಲಾರ್ಡ್ ೧೯೬೦ರ ತನ್ನ ಗ್ರಂಥದಲ್ಲಿ ಯುಗೊಸ್ಲಾವಿಯದ ಹಾಡುಗಾರರನ್ನು ಆಧರಿಸಿ ಮಂಡಿಸಿದ ಸಿದ್ಧಸೂತ್ರಗಳ ಸಿದ್ಧಾಂತವನ್ನು ನಮ್ಮ ತರಗತಿಗಳಲ್ಲಿ ಮಂಟೇಸ್ವಾಮಿ, ಮಲೆಮಾದೇಶ್ವರ ಕಾವ್ಯಗಳಿಗೆ ಅನ್ವಯಿಸಿ ಹೇಳುವುದುಂಟು. ಸಿದ್ಧಸೂತ್ರದ ಇಕ್ಕಟ್ಟಿನಲ್ಲಿ ಸೃಷ್ಟಿಶೀಲತೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ದೊರೆಯುವುದು ಕಷ್ಟ.

ಇದೆಲ್ಲ ದೂರದ ದೇಶಗಳ ಸಂಗತಿಯಾಯಿತು, ಕನ್ನಡ ವಿಭಾಗಕ್ಕೆ ಇದರಿಂದೇನು ಎಂಬ ಪ್ರಶ್ನೆ ಸಹಜ. ಪಾತ್ರ ಹಾಕುವ ಆಟವೂ, ಆಡಿದವರು ಆಡಲಿರುವವರಿಗೆ ಹೇಳುವ ಮಾತೂ ಹೊಸ ತಂತ್ರಜ್ಞಾನದ ಕೊಡುಗೆಯಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಸಾಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಜಾನಪದದ ಲೆಕ್ಕದಲ್ಲಿಯೂ ಇದನ್ನು ಒಂದು ಘಟಕವೆಂದು ತಿಳಿಯಲು ಕಾರಣಗಳಿವೆ. ಮಳೆ ಕಡಿಮೆಯ ನೆಲ, ಬಂಡೆಗಲ್ಲಿನ ಬೆಟ್ಟಗಳು, ಪಾಳೆಯಗಾರರ ಕೋಟೆಗಳು, ಕಾಡುಗೊಲ್ಲರ ಹಟ್ಟಿಗಳು, ಮೂಡಲಪಾಯದ ಮೇಳಗಳ ನೆನಪು, ಇವೆಲ್ಲದರ ಜೊತೆಗೆ ಹಳ್ಳಿಹಳ್ಳಿಯ ಪೌರಾಣಿಕ ನಾಟಕ.

ಈ ನಾಟಕದ ಸ್ಥಾನ ನಮ್ಮ ವಿಮರ್ಶೆಯಲ್ಲಿ ಬಲು ಅತಂತ್ರ. ಅಚ್ಚಾದ ಪುಸ್ತಕ ಇರುವುದರಿಂದ ಜಾನಪದ ವಿದ್ವಾಂಸರಿಗೆ ಇದು ಶುದ್ಧ ಜನಪದವಲ್ಲ. ಹಾರ್ಮೋನಿಯಂ ಮತ್ತು ಬಣ್ಣದ ಪರದೆ ಇರುವುದರಿಂದ ಬಯಲಾಟವಲ್ಲ. ಆಧುನಿಕ ರಂಗಭೂಮಿಯ ವಿಮರ್ಶಕರಿಗೆ ಇದು ಕಂಪನಿ ನಾಟಕದ ಹಳಸಲು ನಕಲು. ಗುಬ್ಬಿ ವೀರಣ್ಣನವರ (೧೮೯೧–೧೯೭೨) ಜಿಲ್ಲೆಯಲ್ಲಿಯೇ ಈ ಉಪೇಕ್ಷೆ ಇರುವುದು ಸೋಜಿಗ. ತುಮಕೂರು ನಗರದಲ್ಲಿ ಅವರ ಹೆಸರಿನ ಕಲಾಕ್ಷೇತ್ರದಲ್ಲಿಯೂ ಊರಿನ ಜಾತ್ರೆಯ ಚಪ್ಪರದಲ್ಲಿಯೂ ‘ಕುರುಕ್ಷೇತ್ರ’ ನಡೆಯುತ್ತಲೇ ಇದೆ. ಸಂಶೋಧನ ಪ್ರಬಂಧಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಸಿಕ್ಕುವ ಜಾಗ ಕಡಿಮೆ.

ಈ ನಾಟಕಗಳ ವ್ಯವಸ್ಥೆ ಬಲ್ಲವರಿಗೆ ತಿಳಿದೇ ಇದೆ. ನಟರಿಗೆ ಸಂಭಾವನೆ ಇಲ್ಲ. ನಟನೇ ಹಣ ಕೊಟ್ಟು ಪಾತ್ರ ಪಡೆಯುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮರಂತಹ ಪಾತ್ರಗಳ ಬೆಲೆ ಹೆಚ್ಚು, ದ್ವಾರಪಾಲಕನದು ಕಡಿಮೆ. ಕುರುಕ್ಷೇತ್ರ ಇಷ್ಟು ಜನಪ್ರಿಯವಾಗಿರುವುದಕ್ಕೆ ಮಹಾಭಾರತದ ಮೇಲಿನ ಭಕ್ತಿ ಒಂದು ಕಾರಣವಾದರೆ, ಅದರಲ್ಲಿ ವೀರಾವೇಶದ ಗಂಡು ಪಾತ್ರಗಳು ಬಹಳ ಇರುವುದು ಇನ್ನೊಂದು ಕಾರಣ. ಪಾತ್ರಗಳು ಹೆಚ್ಚಿದಷ್ಟೂ ಖರ್ಚು ಹಂಚಿಹೋಗುತ್ತದೆ. ಸಾಲದಾದಾಗ ಒಂದೇ ಪಾತ್ರವನ್ನು ಇಬ್ಬರಿಗೋ ಮೂವರಿಗೋ ಒಡೆದು ಕೊಡುವುದೂ ರೂಢಿ. ಕರಪತ್ರದಲ್ಲಿ ೧ನೇ ಕೃಷ್ಣ, ೨ನೇ ಕೃಷ್ಣ ಎಂದು ಬೇರೆಬೇರೆ ಹೆಸರುಗಳು ಅಚ್ಚಾಗಿರುತ್ತವೆ. ಒಂದು ವ್ಯಕ್ತಿತ್ವವನ್ನು ಹಲವರು ಸರದಿಯಲ್ಲಿ ಧರಿಸುವುದು ನೋಡುವವರಿಗೆ ವಿಚಿತ್ರವೆನಿಸುವುದಿಲ್ಲ. ಪಾತ್ರ ಬೇರೆ, ಅದನ್ನು ಹಾಕಿದವನು ಬೇರೆ ಎಂಬ ವಿವೇಕವನ್ನು ಈ ಪ್ರೇಕ್ಷಕರಿಗೆ ಯಾವ ಪಾಶ್ಚಾತ್ಯ ಮೀಮಾಂಸಕನೂ ಕಲಿಸಬೇಕಾಗಿಲ್ಲ.

ತಾಲೀಮು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಹೊಲದ ಕೆಲಸ ಮುಗಿಸಿ ರಾತ್ರಿ ದೇವಸ್ಥಾನದ ಪಡಸಾಲೆಯಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ಸೇರುತ್ತಾರೆ. ಹಾರ್ಮೋನಿಯಂ ಮಾಸ್ತರು ಕಂದಪದ್ಯ, ಹಾಡಿನ ಮಟ್ಟು, ಮಾತುಗಳನ್ನು ಕಲಿಸುತ್ತಾರೆ. ಇಷ್ಟು ಪಠ್ಯದ ಭಾಗ. ಮಾಸ್ತರು ಬೀಡಿ ಹಚ್ಚಲೆಂದು ಹೊರಗೆ ಹೋದಾಗ ಆರಂಭವಾಗುವುದು ಇನ್ನೊಂದು ಭಾಗ. ಹಿಂದೆ ದುರ್ಯೋಧನನನ್ನು ಹಾಕಿದ್ದವನು ಈ ಸಲ ಹಾಕುತ್ತಿರುವವನನ್ನು ಪಕ್ಕಕ್ಕೆ ಕರೆಯುತ್ತಾನೆ. ‘ಮೊದ್ಲ ಕಂದಕ್ಕೇ ಗಂಟ್ಲು ಕೊಟ್ಬುಡಬ್ಯಾಡ ಕಣಪ್ಪ, ಬೆಳಗಿನ ಜಾವಕ್ಕೆ ಉಳಿಸ್ಕ’ ಎಂಬ ಧಾಟಿಯ ಮಾತು ಅಲ್ಲಿ ಹುಟ್ಟುತ್ತದೆ. ಇದರಲ್ಲಿ ಅಡಗಿರುವ ತಿಳಿವಳಿಕೆಯನ್ನು ಬಿಡಿಸಿ ನೋಡಬೇಕು. ಆಟ ರಾತ್ರಿ ಹತ್ತರ ಸುಮಾರಿಗೆ ತೊಡಗಿ ಬೆಳಕು ಹರಿಯುವವರೆಗೆ ನಡೆಯುತ್ತದೆ. ಆಸ್ಥಾನದ ದೃಶ್ಯದಲ್ಲಿ ಜನ ತುಂಬಿರುತ್ತಾರೆ, ಚಪ್ಪಾಳೆ ಹೆಚ್ಚು, ‘ಒನ್ಸ್ ಮೋರ್’ ಕೂಗು ಹೆಚ್ಚು. ಹೊಸ ನಟ ಆ ಆಮಿಷಕ್ಕೆ ಸಿಕ್ಕಿ ಕಂಠವನ್ನೆಲ್ಲ ಅಲ್ಲಿಯೇ ಖರ್ಚು ಮಾಡುತ್ತಾನೆ. ಆದರೆ ದುರ್ಯೋಧನನ ಪಾತ್ರದ ತಿರುಳು ಇರುವುದು ಕೊನೆಯಲ್ಲಿ. ವೈಶಂಪಾಯನ ಸರೋವರ, ಗದಾಯುದ್ಧಗಳಲ್ಲಿ. ಆಗ ಸಮಯ ನಾಲ್ಕು ಗಂಟೆ, ಅರ್ಧ ಜನ ಎದ್ದು ಹೋಗಿದ್ದಾರೆ, ಇಬ್ಬನಿ ಬೀಳುತ್ತಿದೆ. ಆ ದುರ್ಯೋಧನನ ಗಂಟಲು ಒಡೆದಿದ್ದರೆ ಆತ ಸೋತದ್ದು ಭೀಮನ ಗದೆಗಲ್ಲ. ಪಾತ್ರದ ದುರಂತ ಎಲ್ಲಿದೆ ಎಂಬ ವಿಮರ್ಶೆಯೂ ಶರೀರದ ಶಕ್ತಿಯನ್ನು ಹೇಗೆ ಹಂಚಬೇಕು ಎಂಬ ಲೆಕ್ಕವೂ ಈ ಒಂದು ಮಾತಿನಲ್ಲಿ ಬೆರೆತಿವೆ. ಗದಾಯುದ್ಧದ ಭಾಗವನ್ನು ಪಂಪ, ರನ್ನ, ಕುಮಾರವ್ಯಾಸರಲ್ಲಿ ಓದಿ ಪಾಠ ಹೇಳುವವರಿಗೆ ಹಳ್ಳಿಯ ದುರ್ಯೋಧನನ ಈ ದೃಷ್ಟಿಯಿಂದ ಕಲಿಯಲು ಏನೂ ಇಲ್ಲವೇ?

ಇಂತಹ ಮಾತಿಗೆ ಹಲವು ಪದರಗಳಿವೆ. ಶ್ರುತಿಯನ್ನು ಕುರಿತದ್ದು ಒಂದು: ಎದುರು ನಟ ಬಿಳಿ ನಾಲ್ಕರಲ್ಲಿ ಹಾಡುವವನಾದರೆ ಕಪ್ಪು ಒಂದರವನು ಸಂವಾದದ ಹಾಡನ್ನು ಹೇಗೆ ನಿಭಾಯಿಸಬೇಕು. ಆಹಾರವನ್ನು ಕುರಿತದ್ದು ಇನ್ನೊಂದು. ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿಗಳಲ್ಲಿ ಹಗುರವಾದದ್ದನ್ನು ಮೊದಲೇ ಆರಿಸಿಟ್ಟುಕೊಳ್ಳುವುದು, ಅಂಟಿಸಿದ ಮೀಸೆ ಬೆವರಿಗೆ ಸಡಿಲವಾದರೆ ಮುಖ ತಿರುಗಿಸುವ ಬಗೆ, ಮಾತು ಮರೆತಾಗ ಎದುರಿನವನಿಗೆ ಪ್ರಶ್ನೆ ಹಾಕಿ ಕಾಲ ಕಳೆಯುವ ಉಪಾಯ. ಜೊತೆಗೆ ಎಡವಿದವರ ಕಥೆಗಳು. ಅವು ಊರಿಂದೂರಿಗೆ ತಿರುಗುತ್ತವೆ. ಹೆಸರು ಬದಲಾಗುತ್ತದೆ, ಘಟನೆ ಬದಲಾಗುವುದಿಲ್ಲ. ಮಧುಗಿರಿಯ ಕಡೆ ಹೇಳುವ ಪ್ರಸಂಗವೇ ಮಂಡ್ಯದ ಕಡೆಯೂ ಕೇಳಿಬಂದರೆ ಅಚ್ಚರಿಪಡಬೇಕಾಗಿಲ್ಲ. ಜಾನಪದ ಪರಿಭಾಷೆಯಲ್ಲಿ ಇವುಗಳಿಗೆ ಆಶಯ, ವರ್ಗ, ಪಾಠಾಂತರ ಎಲ್ಲವೂ ಇವೆ. ಪಾವಗಡದ ಕಡೆ ಇನ್ನೊಂದು ಪದರ ಸೇರುತ್ತದೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ತಿರುಪತಿ ವೇಂಕಟ ಕವಿಗಳ ಪಾಂಡವ ನಾಟಕಗಳ ಪದ್ಯಗಳನ್ನು ದೀರ್ಘ ಆಲಾಪನೆಯೊಡನೆ ಹಾಡುವ ಧಾಟಿ ಗಡಿಯಾಚೆ ಪ್ರಸಿದ್ಧ. ಎರಡು ಧಾಟಿಗಳೂ ಕಿವಿಗೆ ಬಿದ್ದ ನಟನಿಗೆ ಎಲ್ಲಿ ಎಷ್ಟು ಎಳೆಯಬೇಕು ಎಂಬುದೇ ಒಂದು ಪ್ರಶ್ನೆ. ಭಾಷಾ ಸಂಪರ್ಕದ ಅಧ್ಯಯನಕ್ಕೆ ಇದಕ್ಕಿಂತ ಜೀವಂತವಾದ ಸಾಮಗ್ರಿ ಬೇಕೆ?

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ೧೯೬೬ರಲ್ಲಿಯೇ ‘ಮೌಖಿಕ ಸಾಹಿತ್ಯ ವಿಮರ್ಶೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ಹಾಡನ್ನು ಸಂಗ್ರಹಿಸುವವರು ಹಾಡಿದವರು ಆ ಹಾಡನ್ನು ಕುರಿತು ಏನು ಹೇಳುತ್ತಾರೆ ಎಂಬುದನ್ನೂ ಸಂಗ್ರಹಿಸಬೇಕು. ಅರ್ಥವನ್ನು ವಿದ್ವಾಂಸನೊಬ್ಬನೇ ಕಟ್ಟಿಕೊಡುವುದು ತರವಲ್ಲ ಎಂಬುದು ಅವನ ವಾದ. ಕನ್ನಡದಲ್ಲಿ ‘ಗರತಿಯ ಹಾಡು’ (೧೯೩೧) ಸಂಕಲನದಿಂದ ಮೊದಲ್ಗೊಂಡ ದೊಡ್ಡ ಸಂಗ್ರಹ ಪರಂಪರೆಯಿದೆ. ಮೂಡಲಪಾಯವನ್ನು ವಿದ್ವತ್ ಲೋಕದ ಗಮನಕ್ಕೆ ತರುವಲ್ಲಿ ಜೀ. ಶಂ. ಪರಮಶಿವಯ್ಯನವರು ಪಟ್ಟ ಶ್ರಮ ಸಣ್ಣದಲ್ಲ. ಆ ತಲೆಮಾರಿಗೆ ಪಠ್ಯವನ್ನು ಉಳಿಸಿಕೊಳ್ಳುವುದೇ ತುರ್ತಾಗಿತ್ತು. ಅದನ್ನು ಇಂದು ಕುಳಿತು ಆಕ್ಷೇಪಿಸುವುದು ಸುಲಭ, ನ್ಯಾಯವಲ್ಲ. ಆದರೆ ಅವರ ನಂತರ ಬಂದವರು ಅದೇ ದಾರಿಯಲ್ಲಿ ಪಠ್ಯದ ಮೇಲೆ ಪಠ್ಯ ಪೇರಿಸುತ್ತ ಹೋದದ್ದಕ್ಕೆ ಆ ಸಮರ್ಥನೆ ಒದಗುವುದಿಲ್ಲ.

ಡಿಜಿಟಲ್ ಆಟಗಳನ್ನೂ ಹಳ್ಳಿಯ ನಾಟಕವನ್ನೂ ಹೀಗೆ ಅಕ್ಕಪಕ್ಕದಲ್ಲಿ ಇಟ್ಟಾಗ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ಡಿಜಿಟಲ್ ಆಟಗಾರರಲ್ಲಿ ಒಂದು ಶಿಷ್ಟಾಚಾರವಿದೆ: ದಾರಿ ಹೇಳಬಹುದು, ಕಥೆ ಹೇಳಬಾರದು. ಮುಂದೆ ಯಾರು ಸಾಯುತ್ತಾರೆ ಎಂದು ಬಾಯಿಬಿಟ್ಟವನನ್ನು ಯಾರೂ ಕ್ಷಮಿಸುವುದಿಲ್ಲ. ಆದರೆ ರಾಕ್ಷಸನನ್ನು ಕೊಲ್ಲುವ ಉಪಾಯವನ್ನು ಧಾರಾಳವಾಗಿ ಹಂಚುತ್ತಾರೆ. ಹಳ್ಳಿಯ ನಾಟಕದಲ್ಲಿ ಇದು ತಿರುವುಮುರುವು. ದುರ್ಯೋಧನ ಸಾಯುತ್ತಾನೆ ಎಂಬುದು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತ ಮಗುವಿಗೂ ಗೊತ್ತು. ಗುಟ್ಟಾಗಿರುವುದು ಉಪಾಯ. ಒಳ್ಳೆಯ ಮಟ್ಟೊಂದನ್ನು ಮಾಸ್ತರು ಎಲ್ಲ ಊರಿನವರಿಗೂ ಕೊಡುವುದಿಲ್ಲ. ಹಳೆಯ ನಟ ತನ್ನ ಕೈಚಳಕವನ್ನು ತಮ್ಮನಿಗೋ ಅಳಿಯನಿಗೋ ಹೇಳುತ್ತಾನೆ, ಪಕ್ಕದ ಹಟ್ಟಿಯವನಿಗೆ ಹೇಳುವುದಿಲ್ಲ. ಕಥೆ ಸಾರ್ವಜನಿಕ, ಕೌಶಲ ಖಾಸಗಿ. ಈ ಖಾಸಗಿತನದ ಹಿಂದೆ ಜಾತಿಯೂ ಕೇರಿಯೂ ಇವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಯಾರು ಯಾರಿಗೆ ಕಲಿಸಿದರು, ಯಾರಿಗೆ ಕೃಷ್ಣನ ಪಾತ್ರ ದೊರೆಯಿತು, ಯಾರು ಎಂದೂ ದ್ವಾರಪಾಲಕರಾಗಿಯೇ ಉಳಿದರು ಎಂಬ ಪ್ರಶ್ನೆಗಳಿಗೆ ಅಚ್ಚಾದ ನಾಟಕದ ಪುಸ್ತಕ ಉತ್ತರ ಕೊಡುವುದಿಲ್ಲ. ಸ್ತ್ರೀಪಾತ್ರಗಳಿಗಂತೂ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಹತ್ತಾರು ಊರುಗಳಲ್ಲಿ ಹತ್ತಾರು ದುರ್ಯೋಧನರ ಎದುರು ನಿಂತ ದ್ರೌಪದಿಗೆ ಗೊತ್ತಿರುವಷ್ಟು ರಂಗದ ಲೆಕ್ಕ ಯಾವ ಊರಿನ ನಟನಿಗೂ ಗೊತ್ತಿರಲಾರದು. ಆಕೆ ತಾಲೀಮಿನ ಕೊನೆಯ ದಿನವೋ ಆಟದ ಸಂಜೆಯೋ ಬಂದು, ಬೆಳಿಗ್ಗೆ ಬಸ್ಸು ಹತ್ತುತ್ತಾಳೆ. ಗಂಡಸರ ಆ ಪಿಸುಮಾತಿನ ವಲಯದಲ್ಲಿ ಆಕೆಗೆ ಜಾಗವಿಲ್ಲ.

ಹಣದ ವಿಷಯದಲ್ಲಿ ಹೋಲಿಕೆ ಹತ್ತಿರ ಬರುತ್ತದೆ. ಗೆನ್‌ಶಿನ್ ಇಂಪ್ಯಾಕ್ಟ್ ಆಡಲು ದುಡ್ಡು ಕೊಡಬೇಕಾಗಿಲ್ಲ. ಬೇಕಾದ ಪಾತ್ರ ಸಿಗಬೇಕಾದರೆ ಅದೃಷ್ಟದ ಚೀಟಿ ಎತ್ತಿದಂತೆ ಮತ್ತೆಮತ್ತೆ ಪ್ರಯತ್ನಿಸಬೇಕು, ಅದಕ್ಕೆ ಹಣ ಸುರಿಯುವವರುಂಟು. ಅನುಭವಸ್ಥರು ಹೊಸಬರಿಗೆ ಮೊದಲು ಹೇಳುವ ಬುದ್ಧಿವಾದಗಳಲ್ಲಿ ಒಂದು, ಅಲ್ಲಿ ಕೈ ಬಿಗಿಹಿಡಿ ಎಂಬುದು. ಹೊಲ ಒತ್ತೆಯಿಟ್ಟು ಪಾತ್ರ ಹಾಕಿದವರ ಕಥೆಗಳು ತುಮಕೂರಿನ ಕಡೆಯೂ ಇವೆ. ‘ನಾಟಕದ ಹುಚ್ಚು’ ಎಂಬ ಮಾತೂ ಉಂಟು. ಆದರೂ ಎರಡನ್ನೂ ಒಂದೇ ಎನ್ನಲಾಗದು. ದುರ್ಯೋಧನನಿಗೆ ಕೊಟ್ಟ ಹಣ ಸೀನರಿಯವನಿಗೆ, ಮಾಸ್ತರಿಗೆ, ಕಲಾವಿದೆಗೆ, ಅಡುಗೆಯವನಿಗೆ ಹಂಚಿಹೋಗುತ್ತದೆ. ಪಾತ್ರ ಖಾತ್ರಿಯಾಗಿ ದೊರೆಯುತ್ತದೆ. ಅಲ್ಲಿ ಹಣ ಹೀಗೆ ಹಂಚಿಹೋಗುವುದಿಲ್ಲ, ಒಂದೇ ಪ್ರಯತ್ನಕ್ಕೆ ಪಾತ್ರ ದೊರೆಯುವ ಖಾತ್ರಿಯೂ ಇಲ್ಲ.

ಸಾರ್ವಜನಿಕ ಚರ್ಚೆಯಲ್ಲಿ ಡಿಜಿಟಲ್ ಆಟ ಎಂದೊಡನೆ ಬರುವುದು ಚಟ, ಜೂಜು, ನಿಷೇಧ ಎಂಬ ಮೂರು ಪದಗಳು. ೨೦೨೦ರಲ್ಲಿ ಪಬ್ಜಿ ನಿಷೇಧವಾಯಿತು; ೨೦೨೧ರಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ತಂದ ಕಾನೂನಿನ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯ ೨೦೨೨ರಲ್ಲಿ ರದ್ದುಗೊಳಿಸಿತು; ೨೦೨೫ರಲ್ಲಿ ಸಂಸತ್ತು ಈ ಬಗ್ಗೆ ಕಾಯಿದೆ ಮಾಡಿತು. ಹಣ ಕಟ್ಟುವ ಆಟಗಳ ವಿಷಯದಲ್ಲಿ ಆ ಚರ್ಚೆ ಅಗತ್ಯವೇ. ಕಥನಪ್ರಧಾನವಾದ ಆಟಗಳ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಅದರಿಂದ ತಿಳಿಯಲಾಗದು. ಸಿರಾ ಪಟ್ಟಣದ ಕಾಲೇಜು ಹುಡುಗರು ಇಂತಹ ಆಟ ಆಡುವಾಗ ಆಟದಲ್ಲಿ ಕನ್ನಡವಿಲ್ಲ. ಅದರ ಸುತ್ತ ಅವರು ಆಡುವ ಮಾತೆಲ್ಲ ಕನ್ನಡ. ಲೆವೆಲ್ಲು ಏರಿಸು, ಬಾಸನ್ನು ಹೊಡಿ, ಅಲ್ಲಿ ಸೇವ್ ಮಾಡ್ಕೋ ಎಂಬಲ್ಲಿ ನಾಮಪದ ಪರದೇಶಿಯಾದರೂ ವಾಕ್ಯದ ಬೆನ್ನೆಲುಬು ಈ ನೆಲದ್ದು. ‘ಮ್ಯಾಪಿನಲ್ಲಿ ಬಡಗಲಿಗೆ ಹೋಗು’ ಎಂದು ಒಬ್ಬ ಹೇಳಿದರೆ ಆ ಕಲ್ಪಿತ ಲೋಕದಲ್ಲಿ ಬಡಗಲು ಹುಟ್ಟಿತು. ಇದನ್ನು ಭಾಷಾವಿಜ್ಞಾನದವರು ಬಿಟ್ಟರೂ ಸಾಹಿತ್ಯದವರು ಬಿಡಬಾರದು.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ಇಂತಹ ಹೋಲಿಕೆಯ ಉತ್ಸಾಹದಲ್ಲಿ ಎಲ್ಲ ಜನಪದ ಕಾವ್ಯವೂ ‘ಓಪನ್ ವರ್ಲ್ಡ್’ ಆಗಿಬಿಡುವ ಅಪಾಯವಿದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯನ್ನು ಕೇಂದ್ರವಾಗಿ ಹೊಂದಿದ ಜುಂಜಪ್ಪನ ಕಾವ್ಯವನ್ನೇ ನೋಡಬಹುದು. ಕಾಡುಗೊಲ್ಲರು ಗಣೆಯನ್ನು ನುಡಿಸುತ್ತ ಹಾಡುವ ಆ ಕಥನದಲ್ಲಿ ನಾಯಕ, ದನಗಳು, ಅಡವಿ, ಪವಾಡ ಎಲ್ಲವೂ ಉಂಟು. ಇದನ್ನು ಆಟವಾಗಿ ಮಾಡಿದರೆ ಚೆನ್ನಾಗಿರುತ್ತದೆ ಎಂಬ ಸಲಹೆಯನ್ನು ವಿಚಾರ ಸಂಕಿರಣದಲ್ಲಿ ಯಾರಾದರೂ ಕೊಟ್ಟಾರು. ಆದರೆ ಜುಂಜಪ್ಪ ಹಾಡುವವರಿಗೆ ಪಾತ್ರವಲ್ಲ, ದೈವ. ಆ ಪಾತ್ರವನ್ನು ಯಾರೂ ಹಣ ಕೊಟ್ಟು ಹಾಕುವುದಿಲ್ಲ. ಹಾಡುವ ಮುನ್ನ ಪಾಲಿಸುವ ಕಟ್ಟಳೆಗಳನ್ನು ಆಟದ ಉಪಾಯಗಳೊಂದಿಗೆ ಸೇರಿಸಿದರೆ ಎರಡಕ್ಕೂ ಅನ್ಯಾಯ. ಆಟಗಾರರ ಮಾತು ಎಂಬ ಪ್ರಕಾರ ನಿಲ್ಲುವುದು ಆಡುವವರು ಅದನ್ನು ಆಟವೆಂದು ಒಪ್ಪಿದ ಕಡೆ ಮಾತ್ರ.

ಇನ್ನು ವಿಧಾನದ ಪ್ರಶ್ನೆ. ಧ್ವನಿಮುದ್ರಣ ಯಂತ್ರವನ್ನು ಮುಂದಿಟ್ಟು ‘ನಿಮ್ಮ ಅನುಭವ ಹೇಳಿ’ ಎಂದರೆ ಹಳೆಯ ನಟ ಭಾಷಣ ಮಾಡುತ್ತಾನೆ. ತನಗೆ ಬಂದ ಹಾರ, ಶಾಲುಗಳ ಲೆಕ್ಕ ಹೇಳುತ್ತಾನೆ. ಆ ಮಾತು ಹುಟ್ಟುವುದು ಕಲಿಯಬೇಕಾದ ಇನ್ನೊಬ್ಬ ಆಟಗಾರ ಎದುರಿಗೆ ನಿಂತಾಗ. ಆದ್ದರಿಂದ ಸಂಶೋಧಕ ಸಂದರ್ಶಕನಾಗಿ ಹೋಗುವುದಕ್ಕಿಂತ ಸಣ್ಣದೊಂದು ಪಾತ್ರ ಪಡೆದು ತಾಲೀಮಿನಲ್ಲಿ ಕುಳಿತುಕೊಳ್ಳುವುದು ಮೇಲು. ದ್ವಾರಪಾಲಕನ ಪಾತ್ರದ ಬೆಲೆ ಸಂಶೋಧನ ವಿದ್ಯಾರ್ಥಿಯ ಶಿಷ್ಯವೇತನಕ್ಕೆ ಭಾರವಾಗಲಾರದು.

ಮಾತು ಗಾಳಿಗೆ ಹೋದರೂ ಅದರ ಒಂದು ಪಾಲು ಕಾಗದದ ಮೇಲೆ ಉಳಿದಿದೆ. ಪ್ರತಿ ನಟನ ಬಳಿಯೂ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಇಡೀ ನಾಟಕವಿಲ್ಲ. ಆತನ ಮಾತುಗಳು, ಅವುಗಳ ಮುಂಚೆ ಎದುರಿನವನ ಮಾತಿನ ಕೊನೆಯ ಎರಡು ಪದಗಳು, ಹಾಡಿನ ಮಟ್ಟಿಗೆ ಯಾವುದೋ ಹಳೆಯ ಚಿತ್ರಗೀತೆಯ ಗುರುತು, ಅಂಚಿನಲ್ಲಿ ಎಲ್ಲಿ ಉಸಿರು ತೆಗೆಯಬೇಕೆಂಬುದಕ್ಕೆ ಎಳೆದ ಗೆರೆ. ಪಠ್ಯ ಎಲ್ಲಿ ಮುಗಿದು ಆಟಗಾರನ ಮಾತು 어ಲ್ಲಿ ಎಂಬ ಗಡಿ ಆ ಅಂಚಿನಲ್ಲಿಯೇ ಇದೆ. ನಟ ತೀರಿಕೊಂಡ ಮೇಲೆ ಇಂತಹ ಪುಸ್ತಕಗಳು ಅಟ್ಟದಿಂದ ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಹಸ್ತಪ್ರತಿ ಭಂಡಾರಗಳು ಓಲೆಗರಿಗೆ ಕೊಡುವ ಗೌರವದ ಒಂದಂಶವನ್ನು ನಲವತ್ತು ಪುಟದ ಈ ನೋಟ್‌ಬುಕ್‌ಗಳಿಗೆ ಕೊಡಲು ಹೆಚ್ಚಿನ ಅನುದಾನ ಬೇಕಿಲ್ಲ. ನಾಲ್ಕು ತಾಲ್ಲೂಕಿಗೆ ನಾಲ್ವರು ವಿದ್ಯಾರ್ಥಿಗಳು, ಒಂದೊಂದು ಊರಿನ ಒಂದೊಂದು ತಾಲೀಮು, ಸಿಕ್ಕಷ್ಟು ನೋಟ್‌ಬುಕ್‌ಗಳ ಛಾಯಾಪ್ರತಿ. ಆರಂಭಕ್ಕೆ ಇಷ್ಟು ಸಾಕು. ತಾಲೀಮು ಶುರುವಾಗುವುದು ಸುಗ್ಗಿ ಮುಗಿದ ಮೇಲೆ. ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ವಿಷಯ ಹುಡುಕುವ ಕಾಲವೂ ಬಹುಮಟ್ಟಿಗೆ ಅದೇ.